ನನ್ನ ಅನುಭವ: ಬಾಡಿಗೆ ಮನೆ ಎರಡನೇ ಮಹಡೀಲಿ ಎಲೆಕ್ಟ್ರಾನಿಕ್ ಡ್ರಮ್ಸ್ ಕಲ್ತಿದ್ದು

ಡ್ರಮ್ಸ್ ಮನೆಗೆ ಬಂದ ಮೂರನೇ ದಿನಕ್ಕೇ ಕೆಳಗಡೆಯಿಂದ ಓನರ್ ಅಂಕಲ್ ಫೋನು. "ಏನಪ್ಪಾ, ಮೇಲ್ಗಡೆ ಅವಲಕ್ಕಿ ಏನಾದ್ರೂ ಕುಟ್ತಾ ಇದೀರಾ?" ಅಂತ. ನಂಗೆ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ, ಯಾಕಂದ್ರೆ ಇದು ಹೆಡ್‌ಫೋನ್ ಹಾಕ್ಕೊಂಡು ಬಾರಿಸೋದು, ಪಕ್ಕದ ರೂಮಿಗೂ ಕೇಳ್ಸಲ್ಲ ಅಂತ ಹೆಂಡ್ತಿ ಹತ್ರ ಆಣೆ ಮಾಡಿ ತಂದಿದ್ದ ಸಾಮಾನು ಅದು.

ಮೊದ್ಲು ನನ್ ಕಥೆ ಸ್ವಲ್ಪ ಹೇಳ್ತೀನಿ. ವಯಸ್ಸು 41, ಅಕೌಂಟ್ಸ್ ಕೆಲಸ, ಊರು ತಿಪಟೂರು, ಇರೋದು ಬೆಂಗಳೂರು, ಬನಶಂಕರಿ ಕಡೆ 30x40 ಸೈಟಲ್ಲಿ ಕಟ್ಟಿರೋ ಮೂರು ಅಂತಸ್ತಿನ ಮನೇಲಿ ಮೇಲಿಂದು ನಮ್ದು, ಅದರ ಕೆಳಗಿಂದು ಓನರ್‌ದು. ಸ್ಕೂಲಲ್ಲಿ ಬೆಂಚು ಬಡಿದು ಏಟು ತಿಂದಿದ್ದು ಬಿಟ್ರೆ ಸಂಗೀತ ಅಂತ ಏನೂ ಕಲ್ತಿಲ್ಲ. ಗಣೇಶನ ಮೆರವಣಿಗೇಲಿ ತಮಟೆಯವ್ರ ಹಿಂದೆ ಊರೆಲ್ಲಾ ಸುತ್ತೋನು, ಅಷ್ಟೇ. ಈ ವಯಸ್ಸಲ್ಲಿ ಇದು ಯಾಕೆ ಅಂತ ಕೇಳಿದೋರಿಗೆಲ್ಲಾ ಬೆನ್ನು ನೋವಿಗೆ ಎಕ್ಸರ್‌ಸೈಜು ಅಂತ ಹೇಳ್ದೆ, ಆಮೇಲೆ ಅದ್ರಿಂದಾನೇ ಬೆನ್ನು ನೋವು ಬಂತು, ಆ ವಿಷ್ಯಕ್ಕೆ ಬರ್ತೀನಿ.

ಕಿಟ್ಟು ಸೆಕೆಂಡ್ ಹ್ಯಾಂಡ್, 26 ಸಾವಿರ ಕೊಟ್ಟೆ. ನಾಲ್ಕು ಮೆಶ್ ಪ್ಯಾಡು, ಅಂದ್ರೆ ಸ್ನೇರ್ (ಚೂಪು ಸೌಂಡಿನ ಡ್ರಮ್ಮು) ಒಂದು, ಟಾಮ್ (ಗುಂಡು ಸೌಂಡಿನ ಡ್ರಮ್ಮು) ಮೂರು, ರಬ್ಬರಿನ ಸಿಂಬಲ್ (ತಾಳದ ತಟ್ಟೆ) ಮೂರು, ಕಾಲಲ್ಲಿ ಪೆಡಲ್ ಒದ್ದು ಬಾರಿಸೋ ಒಂದು ಕಿಕ್ ಪ್ಯಾಡು, ಹೈ ಹ್ಯಾಟ್ ಅನ್ನೋ ಜೋಡಿ ತಟ್ಟೆಗೆ ಒಂದು ಪೆಡಲ್ಲು, ಇಷ್ಟಕ್ಕೂ ಮಿದುಳಿನ ಥರ ಒಂದು ಮಾಡ್ಯೂಲು. ಪ್ರತಿ ಪ್ಯಾಡಿನ ಹೊಟ್ಟೇಲೂ ನಾಣ್ಯದ ಥರದ್ದೊಂದು ಪೀಜೋ ಬಿಲ್ಲೆ ಇರುತ್ತೆ, ಹೊಡೆದ್ರೆ ಅದು ಅಲುಗಾಡಿ ಸಣ್ಣ ವೋಲ್ಟೇಜ್ ಕೊಡುತ್ತೆ, ಎಷ್ಟು ಜೋರು ಅನ್ನೋದನ್ನ ಮಾಡ್ಯೂಲು 1ರಿಂದ 127ರ ಒಳಗಿನ ಒಂದು ನಂಬರಿಗೆ ತಿರುಗಿಸಿ ಅದಕ್ಕೆ ತಕ್ಕ ಸೌಂಡು ಹೊರಗೆ ಬಿಡುತ್ತೆ. ಮೆಶ್ ಅಂದ್ರೆ ಸೊಳ್ಳೆ ಪರದೆ ಥರ ಬಿಗಿದು ಕಟ್ಟಿರೋ ಬಲೆ, 1997ರಲ್ಲಿ ರೋಲ್ಯಾಂಡ್‌ನವ್ರು ಟಿಡಿ-10 ಕಿಟ್ ಜೊತೆ ಬಿಟ್ಟಿದ್ದು, ಈಗ ಕಡಿಮೆ ರೇಟಿನ ಕಿಟ್ಟಲ್ಲೂ ಬರುತ್ತೆ. ರಬ್ಬರ್ ಪ್ಯಾಡಿನ ಕಿಟ್ಟು ಇನ್ನೂ ಅಗ್ಗಕ್ಕೆ ಸಿಗುತ್ತೆ, ತಗೋಬೇಡಿ, ಕೈ ಮಣಿಕಟ್ಟಿಗೂ ಕೆಟ್ಟದ್ದು, ಟಕ ಟಕ ಶಬ್ದಾನೂ ಜಾಸ್ತಿ.

ಇದರ ಜೊತೆ ಕೂರೋಕೆ ಸ್ಟೂಲು ಬರಲ್ಲ, ಹೆಡ್‌ಫೋನೂ ಬರಲ್ಲ. ನಾನು ದುಡ್ಡು ಉಳಿಸೋಣ ಅಂತ ಪ್ಲಾಸ್ಟಿಕ್ ಚೇರಲ್ಲಿ ಕೂತು ಒಂದು ತಿಂಗಳು ಬಾರಿಸ್ದೆ. ಬೆನ್ನು ನೋವು ಅಂದ್ನಲ್ಲ, ಅದು ಹೀಗೆ ಬಂದಿದ್ದು. ಚೇರಿನ ಕೈ ಮೊಣಕೈಗೆ ತಗಲುತ್ತೆ, ಸೀಟು ಹಿಂದಕ್ಕೆ ವಾಲಿರುತ್ತೆ, ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತೆ, ಆಗ ಕಾಲು ಎತ್ತೋದಕ್ಕೆ ಪೂರ್ತಿ ಸೊಂಟಾನೇ ಎಳೀಬೇಕು. 3,500 ಕೊಟ್ಟು ಡ್ರಮ್ ಥ್ರೋನ್, ಅಂದ್ರೆ ಡ್ರಮ್ಮರ್ ಕೂರೋ ಸ್ಟೂಲು, ತಗೊಂಡು ಮಂಡಿಗಿಂತ ಸೊಂಟ ಸ್ವಲ್ಪ ಮೇಲಿರೋ ಹಾಗೆ ಕೂತ ಮೇಲೆ ವಾರದಲ್ಲಿ ನೋವು ಹೋಯ್ತು. ಹೆಡ್‌ಫೋನ್ ವೈರ್ ಇರೋದೇ ಆಗ್ಬೇಕು. ಬ್ಲೂಟೂತಲ್ಲಿ ಹೊಡೆದ ಎಷ್ಟೋ ಹೊತ್ತಿಗೆ ಸೌಂಡ್ ಬರುತ್ತೆ, ಬೇರೆ ಯಾರೋ ಬಾರಿಸ್ತಾ ಇದಾರೇನೋ ಅನ್ಸುತ್ತೆ. ಸ್ಟಿಕ್ಕು ಸಾಧಾರಣ 5ಎ ಅನ್ನೋ ಸೈಜು ಸಾಕು.

ಈಗ ಅವಲಕ್ಕಿ ವಿಷ್ಯ. ಅಂಕಲ್ ಮನೆಗೆ ಇಳಿದು ಹೋಗಿ ಅವ್ರ ಹಾಲಲ್ಲಿ ನಿಂತ್ಕೊಂಡೆ, ಮೇಲೆ ನನ್ ಮಗಳಿಗೆ ಬಾರ್ಸು ಅಂತ ಹೇಳಿ ಬಂದಿದ್ದೆ. ಸ್ನೇರ್ ಕೇಳ್ಸಲ್ಲ, ಟಾಮ್ ಕೇಳ್ಸಲ್ಲ, ಸಿಂಬಲ್ ಅಂತೂ ಇಲ್ವೇ ಇಲ್ಲ. ಬರೀ ಧುಬ್, ಧುಬ್, ಧುಬ್. ಕಿಕ್ಕು. ಅದರ ಪೆಡಲ್ಲಿನ ಸುತ್ತಿಗೆ, ಅಂದ್ರೆ ಬೀಟರ್, ಪ್ಯಾಡಿಗೆ ಹೊಡೆದಾಗ ಆ ಏಟು ಸ್ಟ್ಯಾಂಡಿನ ಕಾಲಿಗೆ, ಅಲ್ಲಿಂದ ನೆಲಕ್ಕೆ, ನೆಲದಿಂದ ಆರ್‌ಸಿಸಿ ಸ್ಲ್ಯಾಬಿಗೆ ಇಳಿಯುತ್ತೆ, ಸ್ಲ್ಯಾಬು ದೊಡ್ಡದೊಂದು ಚರ್ಮದ ಥರ ಅಲುಗಾಡಿ ಕೆಳಗಿನ ಮನೆಗೆ ಡೋಲು ಬಾರಿಸುತ್ತೆ. ಗಾಳೀಲಿ ಹೋಗೋ ಶಬ್ದ ಬೇರೆ, ಗೋಡೆ ನೆಲದಲ್ಲಿ ಹೋಗೋ ಅದುರು ಬೇರೆ, ಹೆಡ್‌ಫೋನು ಮೊದಲನೇದನ್ನ ಮಾತ್ರ ತಡೆಯೋದು ಅಂತ ನಂಗೆ ಅರ್ಥ ಆಗಿದ್ದು ಆವತ್ತೇ. ಅವ್ರ ಶೋಕೇಸಲ್ಲಿ ಒಂದು ಚನ್ನಪಟ್ಟಣದ ಗೊಂಬೆ ಸಣ್ಣಗೆ ತಲೆ ಆಡಿಸ್ತಾ ಇತ್ತು, ನಾಚಿಕೆ ಆಯ್ತು.

ಮೊದ್ಲು ಯೋಗ ಮ್ಯಾಟ್ ಹಾಕಿದೆ, ಏನೂ ಆಗ್ಲಿಲ್ಲ. ಆಮೇಲೆ ಜಿಮ್ಮಲ್ಲಿ ಹಾಸ್ತಾರಲ್ಲ, ಒಂದಕ್ಕೊಂದು ಸಿಕ್ಕಿಸೋ ಫೋಮ್ ಮ್ಯಾಟು, ಅದನ್ನ ಎರಡು ಪದರ ಹಾಕಿದೆ, ಅಂಕಲ್ "ಸ್ವಲ್ಪ ಮೆತ್ತಗಾಗಿದೆ" ಅಂದ್ರು, ಅದು ದಾಕ್ಷಿಣ್ಯಕ್ಕೆ ಅಂದಿದ್ದು ಅಂತ ಮುಖದಲ್ಲೇ ಗೊತ್ತಾಗ್ತಿತ್ತು. ತೆಳ್ಳಗಿನ ಫೋಮು ಟಕ್ ಅನ್ನೋ ಚೂಪು ಶಬ್ದ ಕುಡಿಯುತ್ತೆ, ಧುಬ್ ಅನ್ನೋ ದಪ್ಪ ಶಬ್ದಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಕೊನೆಗೆ ಕೆಲಸ ಮಾಡಿದ್ದು ಟೆನ್ನಿಸ್ ಬಾಲು. 18 ಎಂಎಂ ಪ್ಲೈವುಡ್ಡು ಒಂದು 8x4 ಶೀಟ್ ತಗೊಂಡು ಅಂಗಡೀಲೇ ಮಧ್ಯಕ್ಕೆ ಕುಯ್ಸಿದ್ರೆ 4x4ದು ಎರಡು ಸಿಗುತ್ತೆ. ಕೆಳಗಿನ ಹಲಗೇಲಿ ಬಡಗಿ ಹತ್ರ ಎರಡು ಇಂಚಿನ ತೂತು ಹೊಡೆಸ್ದೆ, ಬಾಲು ಅದಕ್ಕಿಂತ ದಪ್ಪ ಇರೋದ್ರಿಂದ ಒಳಗೆ ಬಿದ್ದೋಗಲ್ಲ, ಇಡ್ಲಿ ಪಾತ್ರೆ ಗುಂಡೀಲಿ ಕೂತ ಹಾಗೆ ಕೂರುತ್ತೆ. ಸಾಲಿಗೆ ನಾಲ್ಕರ ಹಾಗೆ 16, ಕಿಕ್ ಬರೋ ಕಡೆ ಜಾಸ್ತಿ ಇನ್ನೂ 4. ಮೇಲೆ ಎರಡನೇ ಹಲಗೆ ಇಟ್ಟು ಅದರ ಮೇಲೆ ಪೂರ್ತಿ ಕಿಟ್ಟು. ಮೊಳೆ ಸ್ಕ್ರೂ ಏನೂ ಹಾಕ್ಬಾರ್ದು, ಎರಡು ಹಲಗೆ ಒಂದಕ್ಕೊಂದು ತಾಗಿದ್ರೆ ಎಲ್ಲಾ ವೇಸ್ಟು. ಹಲಗೆ ಅಂಚು ಗೋಡೆಗೂ ತಾಗ್ಬಾರ್ದು. ಬೀದೀಲಿ ಹುಡುಗರು ಕ್ರಿಕೆಟ್ ಆಡೋ ಗಟ್ಟಿ ಬಾಲು ಇದಕ್ಕೆ ಆಗಲ್ಲ, ನಾನು ಮೊದ್ಲು ಅದನ್ನೇ ತಂದು ಮೋಸ ಹೋದೆ, ಒತ್ತಿದ್ರೆ ಬಗ್ಗೋ ಅಸಲಿ ಟೆನ್ನಿಸ್ ಬಾಲೇ ಬೇಕು, ಕೋಚಿಂಗ್ ಕೊಡೋ ಕಡೆ ಹೋಗಿ ಕೇಳಿದ್ರೆ ಹಳೇದನ್ನ ಒಂದು ಚೀಲ ತುಂಬ ಸುಮ್ನೇ ಅನ್ನೋ ರೇಟಿಗೆ ಕೊಡ್ತಾರೆ. ಒಂದು ಎಡವಟ್ಟು ಏನಂದ್ರೆ ಕಿಟ್ಟು ಸುಮಾರು ಮೂರೂವರೆ ಇಂಚು ಮೇಲೆದ್ದಿತು, ಥ್ರೋನು ನೆಲದ ಮೇಲೇ ಇತ್ತು, ಮತ್ತೆ ಮಂಡಿ ಮೇಲೆ ಬಂತು. ಥ್ರೋನ್ ಎತ್ತರಿಸಿಕೊಂಡು ಸರಿ ಮಾಡ್ಕೊಂಡೆ. ಮೊದಮೊದ್ಲು ದೋಣೀಲಿ ಕೂತು ಬಾರಿಸಿದ ಹಾಗೆ ಕಿಟ್ಟು ಓಲಾಡುತ್ತೆ, ಅಭ್ಯಾಸ ಆಗುತ್ತೆ.

ಕಲಿಯೋದಕ್ಕೆ ಬರೋಣ. ಎಲ್ಲರೂ ಮೊದ್ಲು ಕಲಿಯೋ ರಾಕ್ ಬೀಟ್ ಒಂದಿದೆ. ನಾಲ್ಕು ಎಣಿಕೆಯ ಒಂದು ಸುತ್ತಿಗೆ ಬಾರ್ ಅಂತಾರೆ, ಬಲಗೈ ಹೈ ಹ್ಯಾಟ್ ಮೇಲೆ ಒಂದು ಬಾರ್‌ಗೆ ಎಂಟು ಏಟು, ಕಿಕ್ಕು 1ಕ್ಕೆ ಮತ್ತೆ 3ಕ್ಕೆ, ಎಡಗೈ ಸ್ನೇರು 2ಕ್ಕೆ ಮತ್ತೆ 4ಕ್ಕೆ. ಓದೋಕೆ ಎಷ್ಟು ಸುಲಭ. ನಾನು 60ರ ಸ್ಪೀಡಲ್ಲಿ, ಅಂದ್ರೆ ಸೆಕೆಂಡಿಗೆ ಒಂದು ಎಣಿಕೆ, ಅದನ್ನ ತಪ್ಪದೇ ಎರಡು ನಿಮಿಷ ಬಾರ್ಸೋಕೆ ಮೂರು ವಾರ ತಗೊಂಡೆ. ಬಲಗಾಲು ಬಲಗೈ ಹಿಂದೆ ಬಾಲ ಹಿಡ್ಕೊಂಡು ಹೋಗುತ್ತೆ, ಕೈ ಎಂಟು ಹೊಡೆದ್ರೆ ಕಾಲೂ ಎಂಟು ಹೊಡೀತೀನಿ ಅನ್ನುತ್ತೆ. ನಂಗೆ ಸಹಾಯ ಆಗಿದ್ದು ಕೈ ಕಾಲು ಬಿಟ್ಟು ಮೊದ್ಲು ಬಾಯಲ್ಲಿ ಹೇಳೋದು. ಯೂಟ್ಯೂಬಲ್ಲಿ ಎಲ್ಲರೂ ಇಂಗ್ಲಿಷಲ್ಲಿ ಒನ್ ಈ ಆ್ಯಂಡ್ ಅ ಅಂತ ಎಣಿಸ್ತಾರೆ, ನನ್ ನಾಲಿಗೆಗೆ ಅದು ಹೊರಳ್ಲಿಲ್ಲ. ಅದೇ ಜಾಗಕ್ಕೆ ತ ಕ ಧಿ ಮಿ ಅಂತ ಹಾಕ್ಕೊಂಡೆ, ಒಂದು ಎಣಿಕೆಗೆ ನಾಲ್ಕು ಅಕ್ಷರ, ಕರೆಕ್ಟಾಗಿ ಕೂತ್ಕೊಳ್ತು. ಹೈ ಹ್ಯಾಟು ತ ಮತ್ತೆ ಧಿ ಮೇಲೆ. ಒಂದು ಎಣಿಕೆಗೆ ಮೂರು ಏಟು, ಟ್ರಿಪ್ಲೆಟ್ ಅಂತಾರಲ್ಲ, ಅದಕ್ಕೆ ತ ಕಿ ಟ, ನಮ್ಮೋರು ತಿಶ್ರ ನಡೆ ಅನ್ನೋದು ಅದನ್ನೇ. ಐದಕ್ಕೆ ತ ಕ ತ ಕಿ ಟ. ಹೀಗೆ ತಾಳದ ಅಕ್ಷರಗಳನ್ನ ಬಾಯಲ್ಲಿ ಹೇಳೋ ಕಲೆ, ಕೊನ್ನಕೋಲ್, ಕಲಿತಿಲ್ಲ ನಾನು, ಇಷ್ಟು ಸಾಲ ತಗೊಂಡಿದೀನಿ ಅಷ್ಟೇ.

ಜೊತೆಗೆ ರುಡಿಮೆಂಟ್ಸ್, ಅಂದ್ರೆ ಸ್ಟಿಕ್ಕಿನ ಮೂಲ ಪಾಠಗಳು. ಪರ್ಕಸಿವ್ ಆರ್ಟ್ಸ್ ಸೊಸೈಟಿ ಅನ್ನೋ ತಾಳವಾದ್ಯದವ್ರ ಸಂಘದ ಪಟ್ಟೀಲಿ 40 ಇದಾವೆ, ನಾನು ದಿನಾ ಮಾಡೋದು ಮೂರೇ, ಸಿಂಗಲ್, ಡಬಲ್, ಪ್ಯಾರಾಡಿಡಲ್. ಪ್ಯಾರಾಡಿಡಲ್ ಅಂದ್ರೆ ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಇದನ್ನ ದಿಂಬಿನ ಮೇಲೆ ಬಾರಿಸಿ, ದಿಂಬು ಸ್ಟಿಕ್ಕನ್ನ ವಾಪಸ್ ಎಸೆಯಲ್ಲ, ಮಣಿಕಟ್ಟೇ ಎತ್ಬೇಕು. ಮೆಶ್ ಪ್ಯಾಡು ನಮ್ಮನ್ನ ಹಾಳು ಮಾಡುತ್ತೆ, ಟ್ರ್ಯಾಂಪೋಲಿನ್ ಥರ ಎಸೆದು ಎಸೆದು ಕೊಟ್ಟು ನಾವೇ ದೊಡ್ಡ ಡ್ರಮ್ಮರ್ ಅನ್ನೋ ಭ್ರಮೆ ಬರಿಸುತ್ತೆ.

ಟೆನ್ನಿಸ್ ಬಾಲು ಹಾಕೋಕೂ ಮುಂಚೆ ಅಂಕಲ್ ಇನ್ನೊಂದು ಮಾತು ಹೇಳಿದ್ರು, ನನ್ ಡ್ರಮ್ಮಿಂಗ್ ಬದಲಾಗಿದ್ದು ಅದ್ರಿಂದ. ಅವ್ರು ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗೆ ವರ್ಷಾ ವರ್ಷಾ ಹೋಗಿ ತೊಡೆ ಮೇಲೆ ತಾಳ ಹಾಕ್ಕೊಂಡು ಕೂರೋ ಪೈಕಿ. "ಶಬ್ದ ಹಾಗಿರ್ಲಿ, ತಡ್ಕೋತೀವಿ. ಕಾಲು ಓಡ್ತಾ ಇದೆಯಲ್ಲಪ್ಪಾ, ಸಮಕ್ಕೆ ಬರ್ತಾನೇ ಇಲ್ಲ, ಮುಂಚೇನೇ ಬೀಳ್ತಾ ಇದೆ" ಅಂದ್ರು. ನಂಗೆ ಒಳಗೊಳಗೇ ಕೋಪ. ಹೆಡ್‌ಫೋನಲ್ಲಿ ಎಷ್ಟ್ ಚೆನ್ನಾಗಿ ಕೇಳ್ತಾ ಇತ್ತು! ಆದ್ರೆ ಯೋಚ್ನೆ ಮಾಡಿದ್ರೆ, ಅವ್ರಿಗೆ ಸ್ನೇರ್ ಸಿಂಬಲ್ ಹಾಡು ಯಾವ್ದೂ ಇಲ್ಲ, ಬರೀ ನನ್ ಬಲಗಾಲು ಒಂದೇ ಕೇಳೋದು, ಮುಚ್ಚಿಕೊಳ್ಳೋಕೆ ಏನೂ ಇಲ್ಲ.

ಆ ರಾತ್ರಿ ಮಾಡ್ಯೂಲಿನ ಯುಎಸ್‌ಬಿ ಕೇಬಲ್ ಲ್ಯಾಪ್‌ಟಾಪಿಗೆ ಹಾಕಿ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಲ್ಲಿ ಮಿಡಿ ರೆಕಾರ್ಡ್ ಮಾಡ್ದೆ. ಮಿಡೀಲಿ ಸೌಂಡು ಬರಲ್ಲ, ಯಾವ ಪ್ಯಾಡು, ಯಾವಾಗ, ಎಷ್ಟು ಜೋರು ಅಂತ ಮಾತ್ರ ಬರುತ್ತೆ, ಕಿಕ್ 36, ಸ್ನೇರ್ 38, ಮುಚ್ಚಿದ ಹೈ ಹ್ಯಾಟ್ 42 ಅಂತ ನಂಬರು. ಎಣಿಕೆಗೊಂದು ಗೆರೆ ಹಾಕಿದ ಪರದೆ ಮೇಲೆ ದೊಡ್ಡದು ಮಾಡಿ ನೋಡಿದ್ರೆ ಅಂಕಲ್ ಹೇಳಿದ್ದು ನಿಜ. ಕೈ ಪರವಾಗಿಲ್ಲ, ಕಿಕ್ ಮಾತ್ರ ಗೆರೆಗಿಂತ 30-40 ಮಿಲಿಸೆಕೆಂಡ್ ಮುಂಚೆ, ಅದ್ರಲ್ಲೂ ಫಿಲ್, ಅಂದ್ರೆ ಬೀಟ್ ಮಧ್ಯೆ ಹಾಕೋ ಸಣ್ಣ ಅಲಂಕಾರ, ಬಾರಿಸಿ ವಾಪಸ್ 1ಕ್ಕೆ ಬರೋವಾಗ ಅಂತೂ ಬಸ್ ತಪ್ಪೋಗುತ್ತೆ ಅನ್ನೋರ ಹಾಗೆ ಓಡಿ ಬಂದಿದೆ. ಮಷೀನಿನ ತಪ್ಪು ಅನ್ನೋಣ ಅಂದ್ರೆ ಮಷೀನು ಲೇಟ್ ಮಾಡ್ಬಹುದೇ ಹೊರತು ನಾನು ಒದೆಯೋಕೆ ಮುಂಚೆ ಸಿಗ್ನಲ್ ಕಳ್ಸೋಕಾಗಲ್ಲ.

ಸರಿ ಮಾಡೋಕೆ ಎರಡು ತಿಂಗಳು ಹಿಡೀತು. ಸ್ಪೀಡು 50ಕ್ಕೆ ಇಳಿಸಿ ಬರೀ ಕಾಲು, ಕೈ ಇಲ್ಲ. ಆಮೇಲೆ ಕ್ಲಿಕ್ಕು, ಅಂದ್ರೆ ಮೆಟ್ರೊನೋಮಿನ ಟಿಕ್ ಟಿಕ್, 2ಕ್ಕೆ ಮತ್ತೆ 4ಕ್ಕೆ ಮಾತ್ರ ಬರ್ತಿದೆ ಅಂದ್ಕೊಂಡು 1ನ್ನ 3ನ್ನ ನಾನೇ ಇಡೋದು, ಇದು ಮಾತ್ರ ತಲೆ ಕೆಡಿಸಿಬಿಡುತ್ತೆ. ಆಮೇಲೆ ಎರಡು ಬಾರ್ ಕ್ಲಿಕ್ ಇದ್ದು ಎರಡು ಬಾರ್ ಸುಮ್ನಿರೋ ಥರ ಮಾಡ್ಕೊಂಡು, ಕ್ಲಿಕ್ ವಾಪಸ್ ಬಂದಾಗ ನಾನು ಎಲ್ಲಿದೀನಿ ಅಂತ ನೋಡೋದು. ಮೊದಮೊದ್ಲು ನಾನು ಆಗ್ಲೇ ಮುಂದಿನ ಸ್ಟಾಪಲ್ಲಿ ಇಳಿದಿರ್ತಿದ್ದೆ. ಅಂಕಲ್ ಮೇಲೆ ಬಂದು ಒಂದು ಸಲ ನೋಡಿ, "ಇದು ಎರಡು ಸುತ್ತಾದ್ರೆ ಆದಿತಾಳ ಒಂದಾವರ್ತ ಕಣಪ್ಪಾ, ಆದ್ರೆ ಜೋರು ಪೆಟ್ಟು ಎರಡಕ್ಕೆ ಯಾಕೆ ಬೀಳುತ್ತೆ, ಒಂದಕ್ಕಲ್ವಾ ಬೀಳ್ಬೇಕು?" ಅಂತ ಕೇಳಿದ್ರು. ರಾಕಲ್ಲಿ ಹಂಗೇ ಅಂಕಲ್ ಅಂದೆ, ಒಪ್ಲಿಲ್ಲ ಅವ್ರು.

ಸೆಟ್ಟಿಂಗ್ ವಿಷ್ಯ ಬೇಗ ಹೇಳಿ ಮುಗಿಸ್ತೀನಿ. ಟಾಮ್ ಹೊಡೆದಾಗ ಕ್ರ್ಯಾಶ್ ಸಿಂಬಲ್ಲಿನ ಸೌಂಡ್ ಬಂದ್ರೆ ಕಿಟ್ಟು ಕೆಟ್ಟಿಲ್ಲ, ಎಲ್ಲಾ ಒಂದೇ ಪೈಪಿಗೆ ಕಟ್ಟಿರೋದ್ರಿಂದ ಅದುರು ಪಕ್ಕದ್ದಕ್ಕೆ ಹೋಗ್ತಾ ಇರುತ್ತೆ, ಕ್ರಾಸ್‌ಟಾಕ್ ಅನ್ನೋ ಸೆಟ್ಟಿಂಗ್ ಏರಿಸಿ. ಮೆಲ್ಲಗೆ ಹೊಡೆದಿದ್ದು ಬರ್ತಾ ಇಲ್ಲ ಅಂದ್ರೆ ಥ್ರೆಶೋಲ್ಡ್ ಇಳಿಸಿ. ಒಂದೇ ಒದೆತಕ್ಕೆ ಕಿಕ್ ಎರಡು ಸಲ ಬಂದ್ರೆ ನೀವು ಬೀಟರನ್ನ ಪ್ಯಾಡಿಗೆ ಒತ್ತಿ ಹಿಡೀತಾ ಇದೀರಾ ಅಂತ ಅರ್ಥ, ಸೆಟ್ಟಿಂಗಿಗಿಂತ ಕಾಲು ಸರಿ ಮಾಡ್ಕೊಳೋದು ಒಳ್ಳೇದು. ವಾಲ್ಯೂಮ್ ಅರ್ಧಕ್ಕಿಂತ ಕೆಳಗೇ ಇರ್ಲಿ, ಕಿವಿ ಸ್ಪೇರ್ ಪಾರ್ಟ್ ಸಿಗಲ್ಲ.

ವರ್ಷ ಆದ ಮೇಲೆ ಫ್ರೆಂಡ್ ಜೊತೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡೋ ಜ್ಯಾಮ್ ರೂಮಿಗೆ, ಅಂದ್ರೆ ಬ್ಯಾಂಡಿನವ್ರು ಪ್ರಾಕ್ಟೀಸ್ ಮಾಡೋ ರೂಮಿಗೆ, ಹೋಗಿ ನಿಜವಾದ ಕಿಟ್ ಮೇಲೆ ಕೂತೆ. ಮೊದಲನೇ ಕ್ರ್ಯಾಶಿಗೇ ಬೆಚ್ಚಿಬಿದ್ದೆ. ಸಿಂಬಲ್ಲು ಕಿವಿ ಹರಿಯುತ್ತೆ, ಮನೇಲಿ ಮಾಡ್ಯೂಲು ಎಲ್ಲಾನೂ ಹದ ಮಾಡಿ ಕೊಡ್ತಿತ್ತು, ಇಲ್ಲಿ ಆ ಹದ ನನ್ ಕೈಯಲ್ಲೇ ಇರ್ಬೇಕು. ದೊಡ್ಡ ಟಾಮಲ್ಲಿ ಸ್ಟಿಕ್ಕು ಕೆಸರಿಗೆ ಬಿದ್ದ ಹಾಗೆ ಕೂತ್ಕೊಳ್ತು. ಬರೀ ಕಾಲು ಮಾತ್ರ ಮಾತು ಕೇಳ್ತು. ಫ್ರೆಂಡ್ ಗಿಟಾರ್ ಬಾರಿಸ್ತಾ, ಕಿಕ್ ಚೆನ್ನಾಗಿ ಹಿಡೀತೀಯಲ್ಲೋ, ಯಾರ ಹತ್ರ ಕಲ್ತೆ ಅಂದ. ನಮ್ ಓನರ್ ಹತ್ರ ಅಂದ್ರೆ ನಂಬ್ಲಿಲ್ಲ.

ಹೋದ ತಿಂಗಳು ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದು ಹೊಸದು ಬರೆಸ್ಬೇಕಿತ್ತು. ಡ್ರಮ್ಸ್ ಬಾರಿಸ್ಬಾರ್ದು ಅಂತ ಒಂದು ಸಾಲು ಸೇರಿಸ್ತಾರೇನೋ ಅಂತ ಹೆದರ್ಕೊಂಡೇ ಹೋದೆ. ಅಂಕಲ್ ಕಾಫಿ ಕೊಟ್ಟು, "ಈಗ ಏನೂ ಕೇಳ್ಸೋದೇ ಇಲ್ವಲ್ಲಪ್ಪಾ, ಕಾಲು ನಿಂತಿತಾ?" ಅಂದ್ರು. ನಿಂತಿದೆ ಅಂಕಲ್ ಅಂದೆ. ಡ್ರಮ್ಸ್ ಬಗ್ಗೆ ಏನೂ ಬರೆಸ್ಲಿಲ್ಲ, ಬಾಡಿಗೆ ಮಾತ್ರ 5 ಪರ್ಸೆಂಟ್ ಏರಿಸಿದ್ರು.