ನೆಂಟರ ಮನೆ ಊಟ: ‘ಬೇಡ’ ಅನ್ನುವ ಬದಲು ‘ಇದು ಬೇಕು’ ಅನ್ನಿ

ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋಗಿ ಎಲೆ ಮುಂದೆ ಕೂತಮೇಲೆ ನಮ್ಮ ಮಾತು ನಡೆಯುವುದಿಲ್ಲ. ಎರಡು ಹೋಳಿಗೆ ಆಗಿರುತ್ತದೆ, ಅತ್ತೆ ಮೂರನೆಯದನ್ನು ಹಿಡಿದು ನಿಂತಿರುತ್ತಾರೆ. ‘ಬೇಡ’ ಅಂದರೆ ‘ನಾಚ್ಕೋಬೇಡ’ ಅನ್ನುತ್ತಾರೆ, ‘ನಿಜವಾಗ್ಲೂ ಸಾಕು’ ಅಂದರೆ ‘ಯಾಕೆ, ಚೆನ್ನಾಗಿಲ್ವಾ?’ ಅನ್ನುತ್ತಾರೆ. ಹಾಗೆ ಕೇಳಿದ ಮೇಲೆ ತಿನ್ನದೆ ಬೇರೆ ದಾರಿ ಇರುವುದಿಲ್ಲ. ಬಡಿಸುವವರಿಗೆ ಬೇಕಿರುವುದು ನೀವು ಅವರ ಕೈಯಡುಗೆಯನ್ನು ಕೇಳಿ ತಿನ್ನುವುದು. ಹಾಗಾದರೆ ಕೇಳೋಣ. ಏನು ಕೇಳಬೇಕು, ಯಾವಾಗ ಕೇಳಬೇಕು ಅನ್ನುವುದನ್ನು ಮಾತ್ರ ಮೊದಲೇ ಯೋಚಿಸಿಟ್ಟುಕೊಳ್ಳೋಣ.

ಹೊರಡುವ ಮೊದಲು ಫೋನ್ ಮಾಡಿ

‘ಅತ್ತೆ, ನಿಮ್ಮ ಕೈ ಬಸ್ಸಾರು ತಿಂದು ಎಷ್ಟು ದಿನ ಆಯ್ತು, ಬಂದ ದಿನ ರಾತ್ರಿಗೆ ಅದನ್ನೇ ಮಾಡಿ’ ಅಂತ ಎರಡು ದಿನ ಮುಂಚೆ ಹೇಳಿ. ಹೇಳದಿದ್ದರೆ ಅವರು ಸೊಪ್ಪಿನ ಸಾರು ಮಾಡುವುದಿಲ್ಲ, ನೆಂಟರಿಗೆ ಸೊಪ್ಪು ಹಾಕುವುದು ಮರ್ಯಾದೆ ಅಲ್ಲ ಅಂತ ಪೂರಿ, ಪಲಾವು, ಕೇಸರಿಬಾತು ಮಾಡುತ್ತಾರೆ. ಕೇಳಿದರೆ ಮಾತ್ರ ಖುಷಿಯಿಂದ ಮಾಡುತ್ತಾರೆ, ಜೊತೆಗೆ ‘ನನ್ನ ಬಸ್ಸಾರು ಅಂದ್ರೆ ಅವನಿಗೆ ಪ್ರಾಣ’ ಅಂತ ಪಕ್ಕದ ಮನೆಗೂ ಹೇಳಿ ಬರುತ್ತಾರೆ.

ಯಾವ ಸೀಮೆಗೆ ಹೋದರೂ ಕೇಳಲು ಒಂದಿಷ್ಟು ಇದ್ದೇ ಇರುತ್ತದೆ. ಮಂಡ್ಯ, ಹಾಸನದ ಕಡೆ ಮಸ್ಸೊಪ್ಪು, ಉಪ್ಸಾರು, ಹುರುಳಿಕಾಳು. ಧಾರವಾಡ, ವಿಜಯಪುರದ ಕಡೆ ಜೋಳದ ರೊಟ್ಟಿ, ಮೊಳಕೆ ಹೆಸರುಕಾಳಿನ ಪಲ್ಯ, ಪಕ್ಕದಲ್ಲಿ ಹಸಿ ಮೆಂತ್ಯ, ಸೌತೆಕಾಯಿ, ಉಳ್ಳಾಗಡ್ಡಿ. ಮಲೆನಾಡಲ್ಲಿ ಒಂದೆಲಗದ ತಂಬುಳಿ, ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ. ತಟ್ಟೆಯಲ್ಲಿ ಅರ್ಧದಷ್ಟು ತರಕಾರಿ, ಸೊಪ್ಪು, ಹಣ್ಣು ಇರಲಿ ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ. ಇದರಲ್ಲಿ ಬಹಳಷ್ಟು ನಮ್ಮ ದಿನದ ಅಡುಗೆಯಲ್ಲೇ ಇದೆ, ನೆಂಟರು ಬಂದ ದಿನ ಮಾತ್ರ ಮಾಯವಾಗುತ್ತದೆ. ಮುದ್ದೆ ಒಳ್ಳೆಯದು ಅಂತ ಎರಡು ನುಂಗಬೇಡಿ, ಕ್ಯಾಲ್ಸಿಯಂ ಮತ್ತು ನಾರಿನ ಅಂಶ ಚೆನ್ನಾಗಿದ್ದರೂ ರಾಗಿಯಲ್ಲೂ ಪಿಷ್ಟ ಧಾರಾಳವಾಗಿದೆ. ಒಂದು ಸಣ್ಣ ಮುದ್ದೆ, ಅದಕ್ಕೆ ಎರಡು ಸೌಟು ಕಾಳು ಸಾಕು.

ಇದೇ ಫೋನಿನಲ್ಲಿ ಶುಗರ್, ಬಿಪಿ ಇರುವುದನ್ನೂ ಅಡುಗೆ ಮಾಡುವವರಿಗೆ ನೇರವಾಗಿ ಹೇಳಿಬಿಡಿ. ಪಂಕ್ತಿಯಲ್ಲಿ ಹೇಳಿದರೆ ಇಡೀ ಮನೆ ಸೇರಿ ಕಷಾಯದ ಪಂಚಾಯಿತಿ ಶುರುಮಾಡುತ್ತದೆ. ಯಾರ ತವರೋ ಅವರೇ ಮಾತಾಡಲಿ. ಹೊಸ ಅಳಿಯ ಅತ್ತೆಗೆ ‘ಕಮ್ಮಿ ಬಡಿಸಿ’ ಅನ್ನಲಾರ, ಮಗಳು ಅಮ್ಮನಿಗೆ ಹೇಳಬಹುದು, ಅಲ್ವಾ? ಇನ್ನು ‘ಬೆಲ್ಲ ಹಾಕಿದೀನಿ, ಏನೂ ಆಗಲ್ಲ’ ಅನ್ನುವ ಮಾತು ಎಲ್ಲ ಮನೆಯಲ್ಲೂ ಬರುತ್ತದೆ. ಅದನ್ನು ನಂಬಬೇಡಿ. ಬೆಲ್ಲವೂ ರಕ್ತದಲ್ಲಿ ಸಕ್ಕರೆಯನ್ನು ಸಕ್ಕರೆಯಷ್ಟೇ ಏರಿಸುತ್ತದೆ, ಜೇನುತುಪ್ಪವೂ ಹೆಚ್ಚುಕಮ್ಮಿ ಹಾಗೇ.

ಹಸಿದು ಹೋಗಬೇಡಿ

ಮಧ್ಯಾಹ್ನ ದೊಡ್ಡ ಊಟ ಇದೆ ಅಂತ ಬೆಳಗಿನ ತಿಂಡಿ ಬಿಡುತ್ತಾರೆ. ಹಬ್ಬದ ಮನೆಯಲ್ಲಿ ಪೂಜೆ, ಮಂಗಳಾರತಿ ಮುಗಿದು ಎಲೆ ಹಾಕುವಾಗ ಎರಡೂವರೆ ಆಗಿರುತ್ತದೆ, ಆ ಹಸಿವಿನಲ್ಲಿ ಯಾವ ಲೆಕ್ಕವೂ ನೆನಪಿರುವುದಿಲ್ಲ. ಎರಡು ಇಡ್ಲಿಯೋ ಒಂದು ಹಣ್ಣು, ಒಂದು ಹಿಡಿ ಕಡಲೆಬೀಜವೋ ತಿಂದಿರಿ. ಇನ್ಸುಲಿನ್ ತೆಗೆದುಕೊಳ್ಳುವವರು, ಶುಗರ್ ಇಳಿಸುವ ಕೆಲವು ಮಾತ್ರೆ ನುಂಗುವವರು ಊಟ ತಪ್ಪಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಊಟ ತಡವಾಗುವ ದಿನ ಏನು ಮಾಡಬೇಕು ಅಂತ ಹೊರಡುವ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ.

ಎಲೆ ಮುಂದೆ

ಪಾಯಸ ಒಂದು ಚೂರು ಬಾಯಿಗೆ ಹಾಕಿಕೊಂಡು ಶಾಸ್ತ್ರ ಮುಗಿಸಿ. ಆಮೇಲೆ ಕೋಸಂಬರಿ, ಪಲ್ಯಕ್ಕೆ ಕೈ ಹಾಕಿ. ತರಕಾರಿ, ಬೇಳೆ ಮೊದಲು ತಿಂದು ಅನ್ನ, ಸಿಹಿಯನ್ನು ಆಮೇಲೆ ತಿಂದರೆ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ‘ಕೋಸಂಬರಿ ಇನ್ನೊಂದ್ ಸ್ವಲ್ಪ ಹಾಕಿ’ ಅಂತ ನೀವಾಗಿಯೇ ಕೇಳಿ. ಕೇಳಿ ಹಾಕಿಸಿಕೊಂಡವರನ್ನು ಆಮೇಲೆ ಯಾರೂ ಅಷ್ಟು ಒತ್ತಾಯ ಮಾಡುವುದಿಲ್ಲ, ಬಡಿಸಿದವರ ಮನಸ್ಸು ಅಷ್ಟರಲ್ಲೇ ತುಂಬಿರುತ್ತದೆ.

ಹೋಳಿಗೆಯನ್ನು ಪೂರ್ತಿ ಬಿಡಬೇಡಿ, ಬಿಟ್ಟರೆ ಜಗಳ. ‘ಅರ್ಧ ಹಾಕಿ, ಬೇಕಾದ್ರೆ ಕೇಳ್ತೀನಿ’ ಅನ್ನಿ. ತುಪ್ಪವನ್ನು ಮಿಳ್ಳೆಯಲ್ಲಿ ಸುರಿಯಲು ಬಿಡದೆ ಚಮಚದಲ್ಲಿ ಹಾಕಿಸಿಕೊಳ್ಳಿ. ದೊಡ್ಡ ಚಮಚ ಒಂದಕ್ಕೆ ಸುಮಾರು 120 ಕ್ಯಾಲೊರಿ ಆಗುತ್ತದೆ, ಹೋಳಿಗೆಗೆ, ತೊವ್ವೆಗೆ, ಸಾರಿಗೆ ಅಂತ ಮೂರು ಸಲ ಬಿದ್ದರೆ ಅದೇ ಒಂದು ತಿಂಡಿಯಷ್ಟಾಯಿತು. ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ ಮೀರಬಾರದು, ಹಾಗಾಗಿ ಬಿಪಿ ಇದ್ದವರು ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯಲ್ಲಿ ಯಾವುದಾದರೂ ಒಂದನ್ನು ಮುಟ್ಟಿ.

ನಿಧಾನಕ್ಕೆ ತಿನ್ನಿ. ಹೊಟ್ಟೆ ತುಂಬಿದ್ದು ಗೊತ್ತಾಗಲು ಸುಮಾರು 20 ನಿಮಿಷ ಬೇಕು. ಬೇಗ ಖಾಲಿಯಾದ ಎಲೆಗೆ ಸೌಟು ತಾನಾಗಿ ಬರುತ್ತದೆ, ಆದ್ದರಿಂದ ಎಲೆಯ ಮೇಲೆ ಸ್ವಲ್ಪ ಪಲ್ಯ ಕೊನೆಯವರೆಗೂ ಇರಲಿ. ಬೇಡವಾದದ್ದು ಬಂದರೆ ಸೌಟು ಬಗ್ಗುವ ಮೊದಲೇ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. ಬಿದ್ದ ಮೇಲೆ ಬಿಟ್ಟು ಏಳುವುದು ಮಾಡಿದವರಿಗೆ ನೋವು, ಅನ್ನಕ್ಕೂ ಅವಮಾನ. ಇನ್ನೊಂದು ಉಪಾಯ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆನ್ನಾಗಿ ನಡೆಯುವುದು: ಮಜ್ಜಿಗೆಯನ್ನು ಬೇಗ ಕೇಳಿಬಿಡಿ. ಮಜ್ಜಿಗೆ ಅನ್ನ ಕಲಸಿದವರಿಗೆ ಮತ್ತೆ ಹುಳಿ ಬಡಿಸುವವರು ಕಮ್ಮಿ.

ಕೊನೇ ಪಂಕ್ತಿಯ ಹೆಂಗಸರು

ಇದನ್ನು ಯಾರೂ ಬರೆಯುವುದಿಲ್ಲ, ಬರೆಯಲೇಬೇಕು. ಬಡಿಸಿ ಬಡಿಸಿ ಸುಸ್ತಾಗಿ, ಮೂರೂವರೆಗೆ ಅಡುಗೆಮನೆಯಲ್ಲೇ ಕೂರುವ ಸೊಸೆಯಂದಿರು, ಹೆಣ್ಣುಮಕ್ಕಳು ಹಬ್ಬದಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಉಣ್ಣುತ್ತಾರೆ. ಆ ಹೊತ್ತಿಗೆ ಕೋಸಂಬರಿ, ಪಲ್ಯ ಖಾಲಿ. ಉಳಿದಿರುವುದು ಅನ್ನ, ಚಿತ್ರಾನ್ನ, ಮುರಿದ ಹೋಳಿಗೆ. ಮೇಲಿಂದ ‘ಸುಮ್ನೆ ಯಾಕೆ ಉಳಿಸ್ತೀರಾ, ಮುಗಿಸಿಬಿಡಿ’ ಅನ್ನುವ ಮಾತು ಬೇರೆ. ಮೊದಲ ಪಂಕ್ತಿಗೆ ಬಡಿಸುವ ಮುಂಚೆಯೇ ಅವರಿಗೆ ಅಂತ ಒಂದು ಡಬ್ಬಿಯಲ್ಲಿ ಕೋಸಂಬರಿ, ಪಲ್ಯ ಎತ್ತಿಡಿ. ಹನ್ನೊಂದು ಗಂಟೆಗೆ ಎಲ್ಲರೂ ಒಂದೊಂದು ಬಾಳೆಹಣ್ಣು ತಿನ್ನಲಿ. ಗಂಡಸರು ಎರಡನೇ ಪಂಕ್ತಿಗೆ ಬಡಿಸಲು ಎದ್ದರೆ ಎಲ್ಲರದ್ದೂ ಬೇಗ ಮುಗಿಯುತ್ತದೆ.

ಊಟ ಆದಮೇಲೆ

ಚಾಪೆ ಹಾಸುವ ಮೊದಲು ‘ತೋಟ ನೋಡ್ಕೊಂಡು ಬರೋಣ ಬಾ ಮಾವ’ ಅನ್ನಿ. 10-15 ನಿಮಿಷದ ನಡಿಗೆಯೂ ಊಟದ ನಂತರದ ಸಕ್ಕರೆಯನ್ನು ತಗ್ಗಿಸುತ್ತದೆ. ಸಂಜೆ ನಾಲ್ಕು ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಬೇಕಾದರೆ ಒಂದು ಮನೆಯಲ್ಲಿ ಕಾಫಿ, ಉಳಿದ ಕಡೆ ನೀರು ಮಜ್ಜಿಗೆ ಕೇಳಿ. ಚಕ್ಕುಲಿ, ಕೋಡುಬಳೆಯ ತಟ್ಟೆ ಬಂದರೆ ಒಂದು ಕೈಗೆತ್ತಿಕೊಂಡು ‘ಉಳಿದಿದ್ದು ಕಟ್ಟಿಕೊಡಿ, ಮಕ್ಕಳಿಗೆ ಒಯ್ತೀನಿ’ ಅನ್ನಿ. ಕಟ್ಟಿಕೊಡುವುದೆಂದರೆ ನಮ್ಮವರಿಗೆ ಬಡಿಸಿದಷ್ಟೇ ಖುಷಿ. ಹೋಳಿಗೆಗೂ ಇದೇ ದಾರಿ. ಮನೆಗೆ ಬಂದು ಫ್ರಿಡ್ಜಿನಲ್ಲಿಡಿ, ಅಕ್ಕಪಕ್ಕದವರಿಗೆ ಕೊಡಿ, ದಿನಕ್ಕೆ ಅರ್ಧ ತಿನ್ನಿ. ಯಾವುದು ಬೇಗ ಹುಳಿಯುತ್ತದೋ ಅದನ್ನು ಮೊದಲು ಮುಗಿಸಿ.