ಏಳು ಜನರ ವರ್ಕ್‌ಶಾಪಿಗೆ ಐಎಸ್‌ಒ ಪದ್ಧತಿ ಅಳವಡಿಸುವುದು ಹೇಗೆ?

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಏಳು ಜನರ ಒಂದು ವರ್ಕ್‌ಶಾಪ್ ಇದೆ ಎಂದುಕೊಳ್ಳಿ. ತೊಗರಿ ದಾಲ್‌ಮಿಲ್ಲಿನ ಡ್ರೈಯರ್‌ಗೆ ಕಂಟ್ರೋಲ್ ಪ್ಯಾನೆಲ್, ತಾಪಮಾನದ ಸೆನ್ಸರ್, ಪಿಎಲ್‌ಸಿ (ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರ್) ಪ್ರೋಗ್ರಾಂ ಮಾಡಿಕೊಡಬೇಕು. ತಗಡು ಕೆಲಸದವರು ಒಬ್ಬರು, ವೈರಿಂಗ್ ಮಾಡುವವರು ಇನ್ನೊಬ್ಬರು, ಪ್ರೋಗ್ರಾಂ ಬರೆಯುವವರು ಮತ್ತೊಬ್ಬರು. ಪ್ರತಿಯೊಬ್ಬರ ಕೆಲಸವೂ ಸರಿಯಿದ್ದು, ಜೋಡಿಸಿದಾಗ ಯಂತ್ರ ನಡೆಯದಿರುವುದು ಇಂಥ ಕಡೆಯೇ.

ಇಂಥ ಕೆಲಸವನ್ನು ಕ್ರಮವಾಗಿ ನಡೆಸಲು 25 ಜನ ಮೀರದ ಸಂಸ್ಥೆಗಳಿಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ/ಐಇಸಿ 29110. ಮೊದಲ ಭಾಗಗಳು 2011ರಲ್ಲಿ ಸಾಫ್ಟ್‌ವೇರ್ ತಂಡಗಳಿಗಾಗಿ ಬಂದವು. ಯಂತ್ರ, ವಿದ್ಯುತ್, ಪ್ರೋಗ್ರಾಂ ಕೂಡಿದ ವ್ಯವಸ್ಥೆಗಳ ‘ಬೇಸಿಕ್ ಪ್ರೊಫೈಲ್’ (ಮೂಲಮಟ್ಟದ) ಮಾರ್ಗದರ್ಶಿ 2014ರಲ್ಲಿ ಬಂತು. ಅದರಲ್ಲಿರುವುದು ಎರಡೇ ಪ್ರಕ್ರಿಯೆ: ಯೋಜನೆಯ ನಿರ್ವಹಣೆ ಒಂದು, ವ್ಯವಸ್ಥೆಯ ನಿರೂಪಣೆ ಮತ್ತು ನಿರ್ಮಾಣ ಇನ್ನೊಂದು. ಪ್ರಮಾಣಪತ್ರ ಪಡೆಯದೆಯೂ ಬಳಸಬಹುದು.

ಮೊದಲು ಕೆಲಸದ ವಿವರಣೆ. ಏನು ಕೊಡುತ್ತೇವೆ, ಏನು ಕೊಡುವುದಿಲ್ಲ, ಯಾವಾಗ, ಎಲ್ಲಿ ಎಂದು ಒಂದೆರಡು ಪುಟದಲ್ಲಿ ಬರೆದು ಮಿಲ್ ಮಾಲೀಕರ ಸಹಿ ಪಡೆಯಿರಿ. ‘ಏನು ಕೊಡುವುದಿಲ್ಲ’ ಎಂಬುದನ್ನು ಬಿಡಬೇಡಿ. ಮೇನ್ ಸ್ವಿಚ್‌ನಿಂದ ಪ್ಯಾನೆಲ್‌ವರೆಗಿನ ಕೇಬಲ್ ಯಾರದು ಎಂಬ ಜಗಳ ಅಲ್ಲಿಯೇ ತೀರುತ್ತದೆ. ಇದರ ಮೇಲೆ ಕೆಲಸ, ದಿನ, ಹೊಣೆಗಾರ, ಅಪಾಯ ಇಷ್ಟನ್ನು ಹೇಳುವ ಯೋಜನಾ ಪಟ್ಟಿ ಮಾಡಿ ವಾರಕ್ಕೊಮ್ಮೆ ತಿದ್ದಿ.

ಎರಡನೆಯದು ಬೇಡಿಕೆಗಳ ಕೋಷ್ಟಕ. ಬೇರೇನೂ ಮಾಡಲು ಪುರುಸೊತ್ತಿಲ್ಲದಿದ್ದರೆ ಇದೊಂದನ್ನಾದರೂ ಮಾಡಿ. ಆರು ಕಾಲಮ್ ಸಾಕು: ಸಂಖ್ಯೆ, ಬೇಡಿಕೆ, ಹೇಳಿದವರು, ಪೂರೈಸುವ ಭಾಗ, ಪರೀಕ್ಷೆ, ಫಲಿತಾಂಶ. ‘ಪ್ಯಾನೆಲ್ ಗಟ್ಟಿಯಿರಬೇಕು’ ಎಂದು ಬರೆದರೆ ಪರೀಕ್ಷೆಯ ಕಾಲಮ್ ಖಾಲಿ ಉಳಿಯುತ್ತದೆ. ಖಾಲಿ ಉಳಿದರೆ ಬೇಡಿಕೆ ಇನ್ನೂ ಸ್ಪಷ್ಟವಾಗಿಲ್ಲ ಎಂದರ್ಥ. ಮಿಲ್ಲಿಗೆ ಮತ್ತೆ ಹೋಗಿ ಕೇಳಿ.

ಬೇಡಿಕೆಗಳು ಒಂದಕ್ಕೊಂದು ತಾಗುವುದೂ ಈ ಕೋಷ್ಟಕದಲ್ಲೇ ಕಾಣುತ್ತದೆ. ದಾಲ್‌ಮಿಲ್ಲಿನಲ್ಲಿ ಧೂಳು ವಿಪರೀತ, ಆದ್ದರಿಂದ ಪ್ಯಾನೆಲ್ ಮುಚ್ಚಿರಬೇಕು. ಆದರೆ ಮೇ ತಿಂಗಳ ಮಧ್ಯಾಹ್ನ ಶೆಡ್ಡಿನಲ್ಲಿ 45 ಡಿಗ್ರಿ ಇದ್ದರೆ ಮುಚ್ಚಿದ ಪ್ಯಾನೆಲ್‌ನೊಳಗೆ 10–15 ಡಿಗ್ರಿ ಹೆಚ್ಚಾಗಬಹುದು. ಹಲವು ಪಿಎಲ್‌ಸಿಗಳ ಮಿತಿ 50–55 ಡಿಗ್ರಿ. ಫ್ಯಾನ್ ಹಾಕಿದರೆ ಧೂಳು ಒಳಗೆ, ಹಾಕದಿದ್ದರೆ ಪಿಎಲ್‌ಸಿ ನಿಲ್ಲುತ್ತದೆ. ಪ್ಯಾನೆಲನ್ನು ಡ್ರೈಯರ್‌ನಿಂದ ದೂರ ಗೋಡೆಗೆ ಕೂರಿಸುವುದೋ, ದೊಡ್ಡ ಪೆಟ್ಟಿಗೆಯೋ, ಫಿಲ್ಟರ್ ಇರುವ ಫ್ಯಾನೋ ಎಂದು ವಿನ್ಯಾಸದ ಹಂತದಲ್ಲೇ ತೀರ್ಮಾನಿಸಿ. ಫಿಲ್ಟರ್ ಆರಿಸಿಕೊಂಡರೆ ಅದನ್ನು ಶುಚಿ ಮಾಡುವ ಕೆಲಸ ಬಳಕೆದಾರರ ಕೈಪಿಡಿಗೆ ಸೇರಬೇಕು.

ವಿನ್ಯಾಸವೆಂದರೆ ಒಂದು ಚಿತ್ರ: ಭಾಗಗಳು, ಅವುಗಳ ನಡುವಿನ ಗೆರೆಗಳು. ಪ್ರತಿ ಗೆರೆಯ ಮೇಲೆ ಅಲ್ಲಿ ಹಾಯುವ ವಿದ್ಯುತ್ ಸಂಕೇತ ಯಾವುದೆಂದು ಬರೆಯಿರಿ: 4–20 ಮಿಲಿಆಂಪಿಯರ್, 24 ವೋಲ್ಟ್ ಹೀಗೆ. ಸೆನ್ಸರ್ ಕೊಡುವುದು ಕರೆಂಟ್, ಪಿಎಲ್‌ಸಿ ಕಾರ್ಡ್ ಓದುವುದು 0–10 ವೋಲ್ಟ್ ಎಂಬ ಎಡವಟ್ಟು ಖರೀದಿಗೆ ಮೊದಲೇ ಸಿಕ್ಕಿಬೀಳುತ್ತದೆ.

ಕೆಲಸ ಅರ್ಧ ಆದಾಗ ಫೋನ್ ಬರುತ್ತದೆ: ‘ಇನ್ನೊಂದು ಮೋಟಾರ್ ಸೇರಿಸ್ರಿ.’ 5 ಎಚ್‌ಪಿ ಮೋಟಾರ್ 415 ವೋಲ್ಟಿನಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಕಾಂಟ್ಯಾಕ್ಟರ್ (ಮೋಟಾರಿನ ವಿದ್ಯುತ್ ಸ್ವಿಚ್), ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಸಾಧನ) ಬೇಕು, ಮುಖ್ಯ ಬ್ರೇಕರ್ ಮತ್ತು ಕೇಬಲ್ ಅಳತೆ ಮತ್ತೆ ನೋಡಬೇಕು, ಪ್ರೋಗ್ರಾಂ ತಿದ್ದಬೇಕು. ಫೋನಿನಲ್ಲೇ ‘ಆಯ್ತ್ರಿ’ ಅನ್ನಬೇಡಿ. ಬದಲಾವಣೆ ಕೋರಿಕೆಯ ಹಾಳೆಯಲ್ಲಿ ಹಣ, ದಿನ, ತಾಗುವ ಭಾಗಗಳನ್ನು ಬರೆದು ಒಪ್ಪಿಗೆ ಬಂದ ಮೇಲೆ ಕೈ ಹಾಕಿ.

ಪರೀಕ್ಷೆ ಎರಡು ಬಗೆ. ಬರೆದಂತೆ ಕಟ್ಟಿದ್ದೇವೆಯೇ ಎಂದು ವರ್ಕ್‌ಶಾಪಿನಲ್ಲಿ ನೋಡುವುದು ಒಂದು; ಮಿಲ್ಲಿಗೆ ಬೇಕಾದ ಕೆಲಸ ಆಗುತ್ತದೆಯೇ ಎಂದು ಅಲ್ಲಿಯೇ, ನಿಜವಾದ ತೊಗರಿ ಹಾಕಿ ನೋಡುವುದು ಇನ್ನೊಂದು. ಎರಡನೆಯದರಲ್ಲಿ ಕರೆಂಟ್ ಹೋಗಿ ಬಂದಾಗ ಹೀಟರ್ ತಾನಾಗಿ ಹತ್ತಿಕೊಳ್ಳುತ್ತದೆಯೇ ಎಂಬುದನ್ನು ತಪ್ಪದೆ ನೋಡಿ. ಹತ್ತಿಕೊಳ್ಳಬಾರದು. ಸೋತ ಪರೀಕ್ಷೆಗಳನ್ನೂ ಕೋಷ್ಟಕದಲ್ಲಿ ಉಳಿಸಿ.

ಒಪ್ಪಿಸುವ ದಿನ ಸ್ವೀಕೃತಿ ಪತ್ರಕ್ಕೆ ಸಹಿ, ಕನ್ನಡದಲ್ಲಿ ಚಿತ್ರಸಹಿತ ಕೈಪಿಡಿ, ಆಪರೇಟರ್‌ಗೆ ತರಬೇತಿ. ಪ್ರೋಗ್ರಾಂನ ಕೊನೆಯ ಪ್ರತಿಯನ್ನು ಎರಡು ಕಡೆ ಇಡಿ, ಒಂದು ವರ್ಕ್‌ಶಾಪಿನ ಹೊರಗಿರಲಿ. ಕೊನೆಗೆ ಹೇಗೆ ಕಟ್ಟಿದಿರೋ ಹಾಗೆಯೇ ತಿದ್ದಿದ ವೈರಿಂಗ್ ನಕ್ಷೆಯನ್ನು ಪ್ಯಾನೆಲ್ ಬಾಗಿಲಿನ ಒಳಗಡೆ ಅಂಟಿಸಿ.