ಹೀರೋ ಮಾಡಿದ್ರೆ ಲವ್ವು, ಹೀರೋಯಿನ್ ಮಾಡಿದ್ರೆ ಸೈಕೋ: ನನ್ನ ಉಲ್ಟಾ ರೊಮ್ಯಾನ್ಸ್ ಕಾಮಿಕ್ ಅನುಭವ

ರೊಮ್ಯಾನ್ಸ್ ಕಾಮಿಕ್‌ನಲ್ಲಿ ಹುಡುಗ ಹುಡುಗಿ ರೋಲ್ ಅದಲು ಬದಲು ಮಾಡಿದ್ರೆ ಯಾರೂ ಓದಲ್ಲ ಅಂತ ನಮ್ ಡ್ರಾಯಿಂಗ್ ಗ್ಯಾಂಗ್ ಪೂರ್ತಿ ಹೇಳಿತ್ತು, ಈಗ ಎರಡನೇ ಸೀಸನ್ ನಡೀತಿದೆ, ಅದಕ್ಕೇ ಬರೀತಿದೀನಿ.

ಮೊದಲು ಎಲ್ರೂ ಮಾಡೋದನ್ನೇ ಮಾಡ್ದೆ. ಗೋಡೆಗೆ ಒರಗಿಸಿ ಪಕ್ಕದಲ್ಲಿ ಕೈ ಬಡಿಯೋ ಕಬೆದೋನ್ ಸೀನು, ಮಣಿಕಟ್ಟು ಹಿಡಿದು ಎಳ್ಕೊಂಡು ಹೋಗೋದು, ಫೋನ್ ಕಿತ್ಕೊಂಡು ಚೆಕ್ ಮಾಡೋದು, ಎಲ್ಲಾ ಹುಡುಗಿ ಕೈಲಿ ಮಾಡಿಸ್ದೆ, ಕಣೇ ಇದ್ದಿದ್ದೆಲ್ಲ ಕಣೋ ಆಯ್ತು, ಅಷ್ಟೇ. ನನ್ನ ಹಳೇ ಸೀರೀಸಲ್ಲಿ ಹುಡುಗ ಇದನ್ನೇ ಮಾಡಿದಾಗ 'ಎಷ್ಟ್ ಪೊಸೆಸಿವ್, ಸೂಪರ್' ಅಂದಿದ್ದ ಓದುಗರೇ ಅವಳಿಗೆ ಸೈಕೋ ಅಂದ್ರು, ಇನ್ನರ್ಧ ಜನ ಕಾಮಿಡಿ ಅನ್ಕೊಂಡು ನಕ್ಕರು. ಕಲರಿಂಗ್ ಹುಡುಗನಿಗೆ ಎಪಿಸೋಡಿಗೆ 1500ನೋ ಏನೋ ಕೊಡ್ತಿದ್ದೆ, ಹೆಚ್ಚೂಕಮ್ಮಿ 15 ಸಾವಿರ ನೀರಲ್ಲಿ ಹೋಮ.

ಆಮೇಲೆ ಮಾಂಗಾ, ಅಂದ್ರೆ ಜಪಾನಿ ಕಾಮಿಕ್ಸ್, ತೆಗೆದು ಕೂತೆ. 1992ರಲ್ಲಿ ಶುರುವಾದ 'ಹಾನಾ ಯೋರಿ ದಾಂಗೋ' ಗೊತ್ತಲ್ಲ, ಲಾಕರಲ್ಲಿ ಕೆಂಪು ಚೀಟಿ ಬಂತು ಅಂದ್ರೆ ಇಡೀ ಸ್ಕೂಲು ಮೈಮೇಲೆ ಬೀಳುತ್ತೆ, ಚೀಟಿ ಹಾಕೋ ಗ್ಯಾಂಗ್ ಲೀಡರೇ ಹೀರೋ. ಅವನ ಕೋಪ ಪಕ್ಕಕ್ಕಿಡಿ, ಅವನಿಗೆ ಧೈರ್ಯ ಕೊಡೋದು ಮನೆ ದುಡ್ಡು. ಫುಮಿ ಯೋಶಿನಾಗಾ ಅವರ 'ಓಓಕು' ಇದನ್ನ ಬುಡದಿಂದಲೇ ತಿರುಗಿಸಿದೆ, ರೋಗ ಬಂದು ಗಂಡುಮಕ್ಕಳು ಸಾಯ್ತಾರೆ, ಹಳೇ ಜಪಾನ್ ಆಳ್ತಿದ್ದ ಶೋಗನ್ ಪಟ್ಟಕ್ಕೆ ಹೆಣ್ಣು ಬರ್ತಾಳೆ, ಅಂತಃಪುರದಲ್ಲಿ ಗಂಡಸರು. ಕುರ್ಚಿ ಬದಲಾಗುತ್ತೆ, ಹಿಂಸೆ ಹಂಗೇ ಇರುತ್ತೆ.

ಹಂಗಾಗಿ ಎರಡನೇ ಸಲ ನಾನು ಬಾಡಿಗೆ ಅಗ್ರಿಮೆಂಟಿಂದ ಶುರು ಮಾಡ್ದೆ. ಅಗ್ರಿಮೆಂಟ್ ಅವಳ ಹೆಸರಲ್ಲಿ, ಸಂಬಳ ಅವಳದ್ದು, ಅವನು ಕೆಲಸ ಬಿಟ್ಟು ಮನೇಲಿ, ತರಕಾರಿಗೂ ದುಡ್ಡು ಕೇಳ್ಬೇಕು. ಅವಳು ಒಂದ್ಸಲನೂ ಕೈ ಎತ್ತಲ್ಲ, ಜೋರಾಗಿ ಮಾತೂ ಆಡಲ್ಲ, ಲ್ಯಾಪ್‌ಟಾಪಿಂದ ಕಣ್ಣು ತೆಗೀದೆ 'ಮೊನ್ನೆ ಕೊಟ್ಟ ಐನೂರು ಏನಾಯ್ತು?' ಅಂತಾಳೆ. ಯಾರೂ ನಗಲಿಲ್ಲ. ಒಬ್ರು ಬರೆದ್ರು, 'ನಮ್ಮನೇಲಿ ಅಪ್ಪ ಅಮ್ಮನ್ನ ದಿನಾ ಕೇಳ್ತಿದ್ದಿದ್ದು ಇದನ್ನೇ.' ಇಂಥ ಕಾಮೆಂಟು ಹಳೇ ಸೀರೀಸಿಗೆ ಒಂದೂ ಬಂದಿರಲಿಲ್ಲ.

ಮಧ್ಯದಲ್ಲಿ ಅವಳನ್ನ ಅವನಿಗಿಂತ ಒಂದು ತಲೆ ಎತ್ತರ ಮಾಡಿ ನೋಡ್ದೆ, ಕಾಮೆಂಟ್ ತುಂಬಾ ಎತ್ತರದ್ದೇ ಜಗಳ, ವಾಪಸ್ ಇಳಿಸ್ದೆ. ಸೋಫಾದಲ್ಲಿ ಕೂತೋಳನ್ನ ಕೆಳಗಿನ ಆ್ಯಂಗಲಿಂದ ಬರೆದ್ರೆ ಸಾಕು, ಎತ್ತರ ತಾನಾಗೇ ಬರುತ್ತೆ.

ಇನ್ನೊಂದು ವಿಷ್ಯ, ಜಗಳದ ಸೀನಾದ್ಮೇಲೆ ಹೂವು, ಮಳೆ, ಮಿಣಮಿಣ ಬ್ಯಾಕ್‌ಗ್ರೌಂಡ್ ಹಾಕ್ತೀವಲ್ಲ, ಅದನ್ನ ಪೂರ್ತಿ ನಿಲ್ಸಿದೀನಿ, ಅವನು ಕ್ಷಮಿಸೋಕ್ ಮುಂಚೆ ಆ ಹೂವೇ ಕ್ಷಮಿಸಿಬಿಡುತ್ತೆ. ಬರೀ ಬಿಳಿ ಜಾಗ ಬಿಡ್ತೀನಿ, ಮೊಬೈಲಲ್ಲಿ ಮೇಲಿಂದ ಕೆಳಕ್ಕೆ ಓದೋ ವರ್ಟಿಕಲ್ ಸ್ಕ್ರೋಲಲ್ಲಿ ಓದೋರ ಹೆಬ್ಬೆರಳು ಸ್ವಲ್ಪ ಹೊತ್ತು ಏನೂ ಸಿಗದೆ ಓಡುತ್ತೆ. ಎಷ್ಟು ಪಿಕ್ಸೆಲ್ ಅಂತ ಕೇಳ್ಬೇಡಿ, ಹೇಳಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದ್ರೆ, ಪ್ರಿಂಟ್ ಹಾಕ್ಸಿದ್ದು ಸುಮಾರು 200 ಕಾಪಿ, ಒಂದಕ್ಕೆ 70ರ ಹತ್ರ ಬಿತ್ತು, 150ಕ್ಕೆ ಮಾರ್ದೆ. ಸ್ಟಾಲ್ ಬಾಡಿಗೆ ಕಳೆದ್ರೆ ಮೊದಲ ಸಲದ ಕಲರಿಂಗ್ ದುಡ್ಡಿನ ಅರ್ಧ ವಾಪಸ್ ಬಂದಿದೆ, ಇನ್ನರ್ಧಕ್ಕೆ ಎರಡನೇ ಪ್ರಿಂಟು ಕೊಟ್ಟಾಗಿದೆ.